ರೆಕ್ಕೆಗೆ ಮೊದಲು ಲೆಕ್ಕ



ಪಿಯುಸಿ ಫಲಿತಾಂಶ ಬಂತೆಂದರೆ ನನ್ನಂಥ ಪಾಠ ಹೇಳುವವರ ಫೋನು ಸುಮ್ಮನಿರುವುದಿಲ್ಲ. ಪೈಲಟ್ ಆಗಬಯಸುವವರಿಗೆ ಪಥನಿರ್ದೇಶನ, ಹವಾಮಾನ ಹೇಳಿಕೊಡುವುದು ನನ್ನ ಕೆಲಸ. ಕರೆ ಮಾಡುವವರು ಹೆಚ್ಚಾಗಿ ತಂದೆ ತಾಯಿ. ಹಾವೇರಿಯಿಂದ, ಹಾಸನದಿಂದ, ಸಿಂಧನೂರಿನಿಂದ ಮಾತಾಡುತ್ತಾರೆ. "ಸಾರ್, ಮಗಳು ಪೈಲಟ್ ಆಗ್ತೀನಿ ಅಂತ ಹಟ ಹಿಡಿದಿದ್ದಾಳೆ. ಒಟ್ಟು ಎಷ್ಟಾಗುತ್ತೆ?" ಎಂದು ಕೇಳುತ್ತಾರೆ. ಮೊತ್ತವನ್ನು ಹೇಳಿಬಿಡಬಹುದು, ಈ ಮಾತು ಮುಗಿಯುವುದರೊಳಗೆ ಹೇಳಿಯೂ ಹೇಳುತ್ತೇನೆ. ಆದರೆ ಈ ಹಾದಿಯಲ್ಲಿ ಮನೆಗಳು ಸೋತದ್ದನ್ನು ನಾನು ಕಂಡದ್ದು ಮೊತ್ತ ದೊಡ್ಡದಾಯಿತೆಂದಲ್ಲ. ಮೊದಲು ಕೊಡಬೇಕಾದ್ದನ್ನು ಆಮೇಲೆ, ಆಮೇಲೆ ಕೊಡಬೇಕಾದ್ದನ್ನು ಮೊದಲೇ ಕೊಟ್ಟದ್ದರಿಂದ. ಯಾವ ರೂಪಾಯಿಯನ್ನು ಯಾವ ದಿನ ಕೊಡಬೇಕು ಎಂಬುದೇ ಇವತ್ತಿನ ನನ್ನ ವಿಷಯ.

ಕನಸು ತಪ್ಪಲ್ಲ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. 1929ರ ಫೆಬ್ರುವರಿ 10ರಂದು ಜೆ.ಆರ್.ಡಿ. ಟಾಟಾ ಅವರ ಕೈಗೆ ನಮ್ಮ ದೇಶದ ಮೊದಲ ಪೈಲಟ್ ಪರವಾನಗಿ ಬಂದಾಗ ಹಾರಾಟ ಸಿರಿವಂತರ ಹವ್ಯಾಸವಾಗಿತ್ತು. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾದು ನಮ್ಮ ಕೆಂಪೇಗೌಡ ನಿಲ್ದಾಣಕ್ಕೆ ಬಂದಿಳಿದ ಏರ್ ಇಂಡಿಯಾ ವಿಮಾನದ ಕಾಕ್‌ಪಿಟ್ಟಿನಲ್ಲಿ ಇದ್ದವರೆಲ್ಲ ಹೆಣ್ಣುಮಕ್ಕಳು. ಮುಂದಾಳು ಕ್ಯಾಪ್ಟನ್ ಜೋಯಾ ಅಗರ್ವಾಲ್. 2023ರಲ್ಲಿ ಏರ್ ಇಂಡಿಯಾ 470, ಇಂಡಿಗೋ 500 ವಿಮಾನಗಳಿಗೆ ಬೇಡಿಕೆ ಸಲ್ಲಿಸಿದವು. ಅದೇ ವರ್ಷ ನಾಗರಿಕ ವಿಮಾನಯಾನ ಮಹಾ ನಿರ್ದೇಶನಾಲಯ, ಅಂದರೆ ಡಿಜಿಸಿಎ, 1,622 ವಾಣಿಜ್ಯ ಪೈಲಟ್ ಪರವಾನಗಿಗಳನ್ನು ಕೊಟ್ಟಿತು. ಕೆಲಸ ಇದೆ.

ಹಾಗೆಯೇ ಕೆಲಸ ಇದ್ದಕ್ಕಿದ್ದಂತೆ ಇಲ್ಲವಾಗುವುದೂ ಇದೆ. 2012ರ ಅಕ್ಟೋಬರಿನಲ್ಲಿ ಬೆಂಗಳೂರಿನದೇ ಆದ ಕಿಂಗ್‌ಫಿಶರ್ ನಿಂತಿತು. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್, 2023ರ ಮೇನಲ್ಲಿ ಗೋ ಫಸ್ಟ್. ನಡುವೆ 2020ರ ಕೊರೊನಾ. ಒಂದು ವಿಮಾನ ಸಂಸ್ಥೆ ಮುಚ್ಚಿದಾಗ ಸಾವಿರಾರು ಗಂಟೆ ಹಾರಿದ ಅನುಭವಿಗಳು ಬೀದಿಗೆ ಬರುತ್ತಾರೆ. ಅವರಿಗೆ ಕೆಲಸ ಸಿಕ್ಕ ಮೇಲೆಯೇ 200 ಗಂಟೆಯ ಹೊಸಬನ ಸರದಿ. ಹಾಗಾಗಿ ಈ ವೃತ್ತಿಗೆ ಹಣ ಹೂಡುವವರು ಒಳ್ಳೆಯ ಕಾಲವನ್ನೇ ನಂಬಿ ಲೆಕ್ಕ ಹಾಕಬಾರದು.

ಮೊಟ್ಟಮೊದಲ ಖರ್ಚು ವೈದ್ಯಕೀಯ ಪರೀಕ್ಷೆಯದು. ಸಾವಿರಗಳಲ್ಲಿ ಮುಗಿಯುವ ಖರ್ಚು ಇದು, ಲಕ್ಷದ್ದಲ್ಲ. ಆದರೂ ಇದನ್ನು ಮುಂದಕ್ಕೆ ಹಾಕುವವರೇ ಬಹಳ. ಮೂರು ಎಕರೆ ಮಾರಿ, ಬಂದ ಹಣದಲ್ಲಿ ದೊಡ್ಡ ಪಾಲನ್ನು ಒಂದು ಏಜೆನ್ಸಿಗೆ ಮುಂಗಡ ಕಟ್ಟಿ, ಆಮೇಲೆ ಮಗನನ್ನು ವೈದ್ಯರ ಬಳಿ ಕರೆದೊಯ್ದ ತಂದೆಯೊಬ್ಬರನ್ನು ಬಲ್ಲೆ. ಹುಡುಗನಿಗೆ ಕೆಂಪು ಹಸಿರು ಗುರುತಿಸುವ ಶಕ್ತಿ ಹುಟ್ಟಿನಿಂದಲೇ ಕಡಿಮೆ ಇತ್ತು. ಅದುವರೆಗೆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗುವಂಥ ಸಂದರ್ಭವೂ ಬಂದಿರಲಿಲ್ಲ. ಮುಂಗಡದಲ್ಲಿ ಅರ್ಧಕ್ಕಿಂತ ಕಡಿಮೆ ವಾಪಸು ಬಂತು. ಆ ತಂದೆ ನನ್ನೆದುರು ಕೂತು ಒಂದು ಮಾತೂ ಆಡದೆ ಇದ್ದದ್ದು ನನಗಿನ್ನೂ ನೆನಪಿದೆ. ಒಂದು ಬೆಳಗಿನ ಪರೀಕ್ಷೆ ಮೊದಲೇ ಆಗಿದ್ದರೆ ಆ ಮೂರು ಎಕರೆ ಉಳಿಯುತ್ತಿತ್ತು.

ಕ್ರಮ ಹೀಗಿದೆ. ಡಿಜಿಸಿಎ ಒಪ್ಪಿದ ವೈದ್ಯರ ಬಳಿ ಮೊದಲು 'ಕ್ಲಾಸ್ 2' ಪರೀಕ್ಷೆ. ಅದರ ವರದಿ ಹೋದ ಮೇಲೆ ಒಂದು ಕಡತ ಸಂಖ್ಯೆ ಸಿಗುತ್ತದೆ. ಅದನ್ನು ಹಿಡಿದು 'ಕ್ಲಾಸ್ 1' ಪರೀಕ್ಷೆಗೆ ಹೋಗಬೇಕು. ನಮ್ಮ ಪುಣ್ಯಕ್ಕೆ ಇದಕ್ಕೆ ದೆಹಲಿಗೇ ಹೋಗಬೇಕೆಂದಿಲ್ಲ. ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲೇ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೆ. ಗಗನಯಾನಕ್ಕೆ ಹೊರಟವರನ್ನು ಪರೀಕ್ಷಿಸಿದ ಸಂಸ್ಥೆ ಅದು. ಕಣ್ಣು, ಕಿವಿ, ಹೃದಯ, ರಕ್ತ, ತೂಕ ಎಲ್ಲವನ್ನೂ ನೋಡುತ್ತಾರೆ. ಕನ್ನಡಕ ಹಾಕುವವರು ಹೆದರಬೇಕಿಲ್ಲ, ಕನ್ನಡಕದಿಂದ ದೃಷ್ಟಿ ಸರಿಹೋದರೆ ಸಾಕು. ಕ್ಲಾಸ್ 1 ಪ್ರಮಾಣಪತ್ರ ಕೈಗೆ ಬರುವವರೆಗೆ ಯಾವ ಶಾಲೆಗೂ ಒಂದು ರೂಪಾಯಿ ಕಟ್ಟಬೇಡಿ. ಈ ಒಂದು ಮಾತನ್ನು ಕೇಳಿಸಿಕೊಂಡು ರೇಡಿಯೋ ಆರಿಸಿದರೂ ನನಗೆ ಬೇಸರವಿಲ್ಲ.

ಓದಿನ ಅರ್ಹತೆ ದೊಡ್ಡದೇನಲ್ಲ. ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಇರಬೇಕು. ವಾಣಿಜ್ಯ ಅಥವಾ ಕಲಾ ವಿಭಾಗ ಓದಿದವರು ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಆ ಎರಡು ವಿಷಯಗಳನ್ನು ಬರೆದು ಪಾಸಾಗಬಹುದು. 16 ತುಂಬಿದರೆ ವಿದ್ಯಾರ್ಥಿ ಪೈಲಟ್ ಪರವಾನಗಿ, 18 ತುಂಬಿದರೆ ವಾಣಿಜ್ಯ ಪರವಾನಗಿ.

ಎರಡನೆಯ ಖರ್ಚು ಪರೀಕ್ಷೆಗಳದು. ಪಥನಿರ್ದೇಶನ, ಹವಾಮಾನ, ವಾಯು ನಿಯಮಗಳು, ವಿಮಾನದ ತಾಂತ್ರಿಕ ವಿಷಯ, ಇವುಗಳಲ್ಲಿ ನೂರಕ್ಕೆ 70 ಬಂದರೆ ಪಾಸು. ಇದರ ಜೊತೆಗೆ ರೇಡಿಯೋ ಸಂವಹನದ ಪರೀಕ್ಷೆ ಬೇರೆ. ಕೋಚಿಂಗ್ ಸೇರಿದರೂ ಎರಡು ಮೂರು ಲಕ್ಷದಲ್ಲಿ ಮುಗಿಯುತ್ತದೆ, ಮನೆಯಲ್ಲೇ ಓದಿ ಪಾಸಾದವರೂ ಇದ್ದಾರೆ. ಹಾರಾಟದ ಶುಲ್ಕ ಕಟ್ಟುವ ಮೊದಲು ಈ ಪರೀಕ್ಷೆಗಳಲ್ಲಿ ಬಹುಪಾಲನ್ನು ಮುಗಿಸಬೇಕೆಂದು ನಾನು ಪಟ್ಟು ಹಿಡಿಯುತ್ತೇನೆ. ಎರಡು ಕಾರಣಗಳಿವೆ. ಹಾರುತ್ತಾ ಓದುವವರು ಎರಡರಲ್ಲೂ ಹಿಂದೆ ಬೀಳುತ್ತಾರೆ, ಪರೀಕ್ಷೆ ಬಾಕಿ ಇದೆಯೆಂದು ಪರವಾನಗಿ ತಿಂಗಳುಗಟ್ಟಲೆ ತಡವಾಗುತ್ತದೆ. ಇನ್ನೊಂದು, ಈ ಓದು ತನಗೆ ಒಗ್ಗುತ್ತದೆಯೇ ಎಂಬುದು ಆ ಮಗುವಿಗೇ ಇಲ್ಲಿ ಗೊತ್ತಾಗುತ್ತದೆ. ಒಗ್ಗದಿದ್ದರೆ ಹೋದದ್ದು ಒಂದು ವರ್ಷ, ಎರಡು ಲಕ್ಷ. ಅಷ್ಟಕ್ಕೆ ಹಿಂತಿರುಗಬಹುದು.

ಕನ್ನಡ ಮಾಧ್ಯಮದ ಮಕ್ಕಳ ಬಗ್ಗೆ ಒಂದು ಮಾತು, ಏಕೆಂದರೆ ಅವರೇ ಹೆಚ್ಚು ಅಳುಕುತ್ತಾರೆ. ಏಪ್ರಿಲ್ ಸಂಜೆ ಮಧ್ಯಾಹ್ನದ ಸೆಕೆಯ ನಂತರ ಪೂರ್ವದಲ್ಲಿ ಮೋಡ ಗೋಪುರದಂತೆ ಎದ್ದು, ಗಾಳಿ ತಿರುಗಿ, ಆಲಿಕಲ್ಲು ಬಿದ್ದು, ಅರ್ಧ ಗಂಟೆಯಲ್ಲಿ ಎಲ್ಲ ತಣ್ಣಗಾಗುವುದನ್ನು ಹೊಲದ ಬದುವಿನಲ್ಲಿ ನಿಂತು ನೋಡಿದ ಹುಡುಗನಿಗೆ ಗುಡುಗುಮೋಡದ ಅಧ್ಯಾಯ ಅರ್ಧ ಗೊತ್ತೇ ಇರುತ್ತದೆ. ಆ ಮೋಡದೊಳಗೆ ಮೇಲೇರುವ ಗಾಳಿ, ಕೆಳಗಪ್ಪಳಿಸುವ ಗಾಳಿ ಎರಡೂ ಇರುತ್ತವೆ, ಆದ್ದರಿಂದಲೇ ಎಷ್ಟು ದೊಡ್ಡ ವಿಮಾನವೂ ಅದನ್ನು ಸುತ್ತಿಹೋಗುತ್ತದೆ ಎಂದರೆ ಅವನ ಕಣ್ಣರಳುತ್ತದೆ. ವಿಷಯ ಅವನಿಗೆ ಕಷ್ಟವಲ್ಲ, ಇಂಗ್ಲಿಷಿನಲ್ಲಿ ಮಾತಾಡುವುದು ಕಷ್ಟ. ನಿಯಂತ್ರಣ ಗೋಪುರದೊಡನೆ ಮಾತಾಡಲು ಅಂತರರಾಷ್ಟ್ರೀಯ ಮಟ್ಟದ ಇಂಗ್ಲಿಷ್ ಪ್ರಾವೀಣ್ಯದಲ್ಲಿ ಕನಿಷ್ಠ ನಾಲ್ಕನೆಯ ಹಂತ ತಲುಪಲೇಬೇಕು. ಸ್ಪಷ್ಟವಾಗಿ, ತಡವರಿಸದೆ, ಚುಟುಕಾಗಿ ಮಾತಾಡಿದರಾಯಿತು. ಪಿಯುಸಿ ಓದುವಾಗಲೇ ದಿನಕ್ಕೆ ಅರ್ಧ ಗಂಟೆ ಗಟ್ಟಿಯಾಗಿ ಓದುವ ರೂಢಿ ಮಾಡಿಕೊಂಡರೆ ಇದಕ್ಕೆ ಹಣವೇ ಬೇಡ.

ಈಗ ದೊಡ್ಡ ಖರ್ಚಿಗೆ ಬರೋಣ. ವಾಣಿಜ್ಯ ಪರವಾನಗಿಗೆ ಕನಿಷ್ಠ 200 ಗಂಟೆ ಹಾರಾಟ ಬೇಕು. ಅದರಲ್ಲಿ 100 ಗಂಟೆ ವಿಮಾನದ ಪೂರ್ಣ ಹೊಣೆ ತಾನೇ ಹೊತ್ತು ಹಾರಬೇಕು. ಒಮ್ಮೆ 300 ನಾಟಿಕಲ್ ಮೈಲಿ, ಅಂದರೆ ಸುಮಾರು 556 ಕಿಲೋಮೀಟರು, ದಾರಿಯಲ್ಲಿ ಬೇರೆ ಎರಡು ನಿಲ್ದಾಣಗಳಲ್ಲಿ ಇಳಿದು ಬರಬೇಕು. ರಾತ್ರಿ ಹಾರಾಟ, ಬರೀ ಉಪಕರಣಗಳನ್ನು ನಂಬಿ ಹಾರುವುದು, ಎಲ್ಲ ಇದರೊಳಗೇ. ಸಾಮಾನ್ಯವಾಗಿ 185 ಗಂಟೆ ಸೆಸ್ನಾದಂಥ ಒಂದು ಎಂಜಿನ್ನಿನ ವಿಮಾನದಲ್ಲಿ, 15 ಗಂಟೆ ಎರಡು ಎಂಜಿನ್ನಿನದರಲ್ಲಿ. ಗಂಟೆಗೆ 15 ಸಾವಿರ ಮತ್ತು 40 ಸಾವಿರ ಎಂದು ಹಿಡಿದರೆ ಹಾರಾಟಕ್ಕೇ 33 ಲಕ್ಷ 75 ಸಾವಿರ. ವಸತಿ, ಊಟ, ಪರೀಕ್ಷಾ ಶುಲ್ಕ, ಕೋಚಿಂಗ್ ಸೇರಿಸಿ. 45 ಲಕ್ಷದ ಆಸುಪಾಸು ಇಲ್ಲದೆ ಪರವಾನಗಿ ಕೈಗೆ ಬರುವುದಿಲ್ಲ, ಕೆಲವು ಶಾಲೆಗಳಲ್ಲಿ 60ಕ್ಕೂ ಹೋಗುತ್ತದೆ.

ಇಲ್ಲಿಗೆ ಮುಗಿಯಿತೆಂದು ಎಷ್ಟೋ ಮನೆಗಳು ನಂಬಿರುತ್ತವೆ. ಮುಗಿಯುವುದಿಲ್ಲ. ಸೆಸ್ನಾ ಓಡಿಸಿದವನು ನೇರವಾಗಿ ಏರ್‌ಬಸ್ 320 ಓಡಿಸುವಂತಿಲ್ಲ. ಅದಕ್ಕೆ 'ಟೈಪ್ ರೇಟಿಂಗ್' ಎಂಬ ತರಬೇತಿ ಬೇಕು. ಇದು ಹೆಚ್ಚಾಗಿ ಸಿಮ್ಯುಲೇಟರಿನಲ್ಲಿ ನಡೆಯುತ್ತದೆ. ಇದಕ್ಕೆ ಮತ್ತೆ 15ರಿಂದ 20 ಲಕ್ಷ, ಕೆಲವೊಮ್ಮೆ ಇನ್ನೂ ಹೆಚ್ಚು. ಕೆಲಸದ ಆಯ್ಕೆ ಆಗದೆ ಸುಮ್ಮನೆ ಈ ತರಬೇತಿ ಪಡೆಯಬೇಡಿ ಎನ್ನುವುದು ನನ್ನ ಅಭಿಪ್ರಾಯ. ಏರ್‌ಬಸ್‌ಗೆ ಹಣ ಸುರಿದವನಿಗೆ ಬೋಯಿಂಗ್ ಇರುವ ಸಂಸ್ಥೆ ಕರೆದರೆ ಆ ಹಣ ದಂಡ. ಒಪ್ಪದ ಗೆಳೆಯರಿದ್ದಾರೆ, ರೇಟಿಂಗ್ ಇದ್ದವರನ್ನೇ ಮೊದಲು ಕರೆಯುವ ಕಾಲವೂ ಬರುತ್ತದೆ ಎನ್ನುತ್ತಾರೆ. ಹಣ ಸಾಲದ್ದಾದರೆ ನಾನು ನನ್ನ ಮಾತಿಗೇ ನಿಲ್ಲುತ್ತೇನೆ.

ಎಲ್ಲಿ ಕಲಿಯಬೇಕು? ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿದೆ. ಪ್ರವೇಶ ಪರೀಕ್ಷೆ ಇದೆ, ಮೀಸಲಾತಿಯೂ ಇದೆ. ನಮ್ಮ ರಾಜ್ಯದ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಬೆಂಗಳೂರಿನ ಜಕ್ಕೂರಿನಲ್ಲಿದೆ, ಸ್ವಾತಂತ್ರ್ಯ ಬಂದ ಹೊಸತರಲ್ಲಿ ಹುಟ್ಟಿದ್ದು. ಮೈಸೂರಿನಲ್ಲಿ ತರಬೇತಿ ನಡೆದಿದೆ. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಹೊಸ ಶಾಲೆಗಳಿಗೆ ಆರಿಸಿದ ಐದು ನಿಲ್ದಾಣಗಳಲ್ಲಿ ಎರಡು ನಮ್ಮವೇ, ಬೆಳಗಾವಿ ಮತ್ತು ಕಲಬುರಗಿ. 2025ರಿಂದ ಡಿಜಿಸಿಎ ಶಾಲೆಗಳಿಗೆ ದರ್ಜೆ ಕೊಡತೊಡಗಿದೆ. ಮೊದಲ ಪಟ್ಟಿಯಲ್ಲಿ ಅತ್ಯುನ್ನತ ದರ್ಜೆ ಒಂದಕ್ಕೂ ಸಿಗಲಿಲ್ಲ. ಆ ಪಟ್ಟಿಯನ್ನು ನೋಡದೆ ಶಾಲೆ ಆರಿಸಬೇಡಿ.

ಆದರೆ ಪಟ್ಟಿಗಿಂತ ನಿಮ್ಮ ಕಣ್ಣು ದೊಡ್ಡದು. ಸೇರುವ ಮೊದಲು ಆ ಊರಿಗೆ ಹೋಗಿ ಬೆಳಿಗ್ಗೆ ಆರೂವರೆಗೆ ಬೇಲಿಯ ಹೊರಗೆ ನಿಲ್ಲಿ. ಎಷ್ಟು ವಿಮಾನ ನಿಂತಿವೆ, ಎಷ್ಟು ನಿಜವಾಗಿ ಹಾರುತ್ತಿವೆ, ಎಣಿಸಿ. ಹತ್ತು ವಿಮಾನ ಇರುವ ಶಾಲೆಯಲ್ಲಿ ನಾಲ್ಕೇ ಹಾರುತ್ತಿದ್ದರೆ ಅದು ನಾಲ್ಕು ವಿಮಾನದ ಶಾಲೆ. ಅಲ್ಲಿನ ವಿದ್ಯಾರ್ಥಿಗಳನ್ನು ಚಹಾದಂಗಡಿಗೆ ಕರೆದುಕೊಂಡು ಹೋಗಿ ಕೇಳಿ: ಕಳೆದ ತಿಂಗಳು ನೀನು ಎಷ್ಟು ಗಂಟೆ ಹಾರಿದೆ? ಮುಖ್ಯ ಬೋಧಕರು ಇದ್ದಾರೆಯೇ? ನಿನ್ನ ಜೊತೆ ಸೇರಿದವರಲ್ಲಿ ಪರವಾನಗಿ ಪಡೆದವರೆಷ್ಟು? ಮಳೆಗಾಲದಲ್ಲಿ ಏನು ಮಾಡುತ್ತೀರಿ? ಒಂದೂವರೆ ವರ್ಷದಲ್ಲಿ ಮುಗಿಯಬೇಕಾದ ತರಬೇತಿ ಮೂರು ವರ್ಷಕ್ಕೆ ಎಳೆದರೆ ವಸತಿಯ ಖರ್ಚು ಇಮ್ಮಡಿಯಾಗುತ್ತದೆ, ಸಾಲದ ಬಡ್ಡಿ ಬೆಳೆಯುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ನಡುವೆ ಹಾರದೆ ಕೂತ ಹುಡುಗ ಕಲಿತದ್ದನ್ನು ಮರೆತು ಅದೇ ಪಾಠಕ್ಕೆ ಮತ್ತೆ ದುಡ್ಡು ಕೊಟ್ಟು ಹಾರುತ್ತಾನೆ.

ಶುಲ್ಕವನ್ನು ಕಂತುಗಳಲ್ಲೇ ಕಟ್ಟಿ. ಬೋರ್‌ವೆಲ್ ಕೊರೆಸುವಾಗ ನಾವು ಅಡಿಗಿಷ್ಟು ಎಂದು ಮಾತಾಡಿ, ಕೊರೆದಷ್ಟಕ್ಕೆ ಹಣ ಕೊಡುತ್ತೇವೆ. ಸಾವಿರ ಅಡಿಯ ದುಡ್ಡನ್ನು ಮೊದಲೇ ಎಣಿಸಿಕೊಟ್ಟು ಮನೆಗೆ ಬರುವುದಿಲ್ಲ. ಹಾರಾಟದ ಗಂಟೆಗೂ ಅದೇ ಎಚ್ಚರ ಇರಲಿ. ಪೂರ್ತಿ ಕಟ್ಟಿದರೆ ಎರಡು ಲಕ್ಷ ರಿಯಾಯಿತಿ ಎಂದು ಯಾರಾದರೂ ಆಸೆ ತೋರಿಸಿದರೆ ಆ ರಿಯಾಯಿತಿಯನ್ನು ಬಿಟ್ಟುಬಿಡಿ. ಹಣ ಹಿಂತಿರುಗಿಸುವ ಷರತ್ತು ಲಿಖಿತದಲ್ಲಿರಲಿ.

ವಿದೇಶದಲ್ಲಿ ಕಲಿತರೆ ಬೇಗ ಮುಗಿಯುತ್ತದೆ ಎನ್ನುವುದು ಬಹುಮಟ್ಟಿಗೆ ನಿಜ. ಅಮೆರಿಕ, ದಕ್ಷಿಣ ಆಫ್ರಿಕ, ನ್ಯೂಜಿಲೆಂಡಿನಲ್ಲಿ ಹವೆಯೂ ವಿಮಾನಗಳೂ ಅನುಕೂಲ. ಆದರೆ ಡಾಲರ್ ಏರಿದಂತೆ ನಿಮ್ಮ ಲೆಕ್ಕವೂ ಏರುತ್ತದೆ, ಬಂದ ಮೇಲೆ ಭಾರತದ ಪರವಾನಗಿಯಾಗಿ ಬದಲಿಸಿಕೊಳ್ಳಲು ಡಿಜಿಸಿಎ ಪರೀಕ್ಷೆಗಳನ್ನೂ ಹಾರಾಟದ ಪರೀಕ್ಷೆಯನ್ನೂ ಇಲ್ಲಿ ಎದುರಿಸಬೇಕು. ವಿಮಾನ ಸಂಸ್ಥೆಗಳೇ ನಡೆಸುವ 'ಕೆಡೆಟ್' ಯೋಜನೆಗಳೂ ಇವೆ. ಮೊದಲು ಆಯ್ಕೆ, ಆಮೇಲೆ ತರಬೇತಿ, ಟೈಪ್ ರೇಟಿಂಗ್ ಸಹಿತ. ಒಟ್ಟು ಕೋಟಿ ದಾಟುತ್ತದೆ. ಕೆಲಸದ ಭರವಸೆ ಅಲ್ಲಿ ಹೆಚ್ಚು, ಆದರೂ ಅದು ಷರತ್ತಿನ ಭರವಸೆ. ಆ ಷರತ್ತುಗಳನ್ನು ಒಬ್ಬ ವಕೀಲರಿಗೆ ತೋರಿಸಿ ಸಹಿ ಹಾಕಿ.

ಹಣ ಎಲ್ಲಿಂದ? ಬ್ಯಾಂಕುಗಳ ಶಿಕ್ಷಣ ಸಾಲದ ಮಾದರಿ ಯೋಜನೆಯಲ್ಲಿ ಡಿಜಿಸಿಎ ಒಪ್ಪಿದ ಪೈಲಟ್ ತರಬೇತಿಯ ಹೆಸರು ಇದೆ. ಏಳೂವರೆ ಲಕ್ಷ ದಾಟಿದರೆ ಆಸ್ತಿಯ ಅಡಮಾನ ಬೇಕು. ನಮ್ಮ ರೈತರು ಇಲ್ಲಿ ಎಡವುತ್ತಾರೆ. ಇಪ್ಪತ್ತು ಎಕರೆಯ ಪಹಣಿ ಹಿಡಿದು ಹೋದರೂ ವ್ಯವಸ್ಥಾಪಕರು ತಲೆಯಾಡಿಸುತ್ತಾರೆ. ಸಾಲ ವಸೂಲಿಯ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲವಾದ್ದರಿಂದ ಬ್ಯಾಂಕುಗಳು ಅದನ್ನು ಅಡಮಾನವಾಗಿ ಒಪ್ಪುವುದು ಅಪರೂಪ. ಮನೆ, ಭೂಪರಿವರ್ತನೆಯಾದ ನಿವೇಶನ, ಠೇವಣಿ, ಎಲ್‌ಐಸಿ ಪಾಲಿಸಿ ಇವುಗಳಿಗೆ ಬೆಲೆ. ಸಾಲ ಸಿಗಲಿಲ್ಲವೆಂದು ಜಮೀನು ಮಾರಲು ಓಡುವ ಮೊದಲು ಅಣ್ಣತಮ್ಮಂದಿರ ಪೈಕಿ ಯಾರದಾದರೂ ಪಟ್ಟಣದ ಆಸ್ತಿಯನ್ನು ಜಾಮೀನಿಡಲು ಸಾಧ್ಯವೇ ಎಂದು ಕೂತು ಮಾತಾಡಿ.

ಸಾಲದ ಲೆಕ್ಕವನ್ನು ಮಗುವಿನ ಎದುರಿಗೇ ಹಾಕಿ. 40 ಲಕ್ಷ ಸಾಲ, ನೂರಕ್ಕೆ 11ರ ಬಡ್ಡಿ, 15 ವರ್ಷ ಅವಧಿ ಎಂದಾದರೆ ತಿಂಗಳ ಕಂತು 45 ಸಾವಿರದ 500ರ ಹತ್ತಿರ. ಒಟ್ಟು ಕಟ್ಟುವುದು ಸುಮಾರು 82 ಲಕ್ಷ. ತರಬೇತಿ ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ ಎನ್ನುತ್ತಾರೆ, ಆದರೆ ಬಡ್ಡಿ ನಿಲ್ಲುವುದಿಲ್ಲ. ಪೂರ್ತಿ ಸಾಲ ಎತ್ತಿದ ಮೇಲೆ ವರ್ಷಕ್ಕೆ 4 ಲಕ್ಷ 40 ಸಾವಿರ ಬಡ್ಡಿಯೇ ಸೇರುತ್ತದೆ. ಆಗಿನ ಬಡ್ಡಿಯನ್ನು ಆಗಲೇ ಕಟ್ಟುತ್ತಾ ಬಂದರೆ ಕೆಲವು ಬ್ಯಾಂಕುಗಳು ನೂರಕ್ಕೆ ಒಂದರಷ್ಟು ಬಡ್ಡಿ ಇಳಿಸುತ್ತವೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ 80ಇ ಕಲಮಿನಡಿ ಬಡ್ಡಿಯ ಮೇಲೆ ಎಂಟು ವರ್ಷ ವಿನಾಯಿತಿ ಉಂಟು. ಸಾಲದ ಮೊತ್ತಕ್ಕೆ ಸಮನಾದ ಜೀವವಿಮೆಯನ್ನು ಮಗುವಿನ ಹೆಸರಲ್ಲಿ ಮಾಡಿಸಿ. ಹೇಳಲು ಕಷ್ಟವಾದರೂ ಹೇಳಲೇಬೇಕಾದ ಮಾತು ಇದು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರದ ಉನ್ನತ ದರ್ಜೆ ಶಿಕ್ಷಣ ಯೋಜನೆಯಲ್ಲಿ ವಾಣಿಜ್ಯ ಪೈಲಟ್ ತರಬೇತಿಗೂ ನೆರವಿದೆ. ಆಯ್ದ ಸಂಸ್ಥೆಗಳಿಗೆ ಮಾತ್ರ ಅನ್ವಯಿಸುವುದರಿಂದ ಜಿಲ್ಲೆಯ ಸಮಾಜ ಕಲ್ಯಾಣ ಇಲಾಖೆಯಲ್ಲಿ ಸೇರುವ ಮೊದಲೇ ವಿಚಾರಿಸಬೇಕು, ಸೇರಿದ ಮೇಲೆ ಅಲ್ಲ.

ಇನ್ನು ಯಾವ ಕೈಪಿಡಿಯಲ್ಲೂ ಬರೆದಿರದ ಖರ್ಚು: ಕಾಯುವ ಖರ್ಚು. ಪರವಾನಗಿ ಬಂದ ದಿನದಿಂದ ಕೆಲಸ ಸಿಗುವ ದಿನದವರೆಗೆ ಆರು ತಿಂಗಳಾಗಬಹುದು, ಎರಡು ವರ್ಷವೂ ಆಗಬಹುದು. ಆ ಕಾಲದಲ್ಲಿ ವೈದ್ಯಕೀಯ ಪರೀಕ್ಷೆ ನವೀಕರಿಸಬೇಕು, ಉಪಕರಣ ಹಾರಾಟದ ಅರ್ಹತೆಯನ್ನು ವರ್ಷಕ್ಕೊಮ್ಮೆ ಹೊಸದು ಮಾಡಬೇಕು, ಕೈ ಮರೆಯದಂತೆ ಆಗಾಗ ಹಾರಬೇಕು. ಸಾಲದ ಕಂತು ಶುರುವಾಗುವುದೂ ಆಗಲೇ. ಎಲ್ಲ ಹಣವನ್ನೂ ತರಬೇತಿಗೇ ಸುರಿದ ಮನೆ ಇಲ್ಲಿ ಕುಸಿಯುತ್ತದೆ. ಮಗ ನಾಚಿಕೆಯಿಂದ ಊರಿಗೆ ಬರುವುದನ್ನೇ ನಿಲ್ಲಿಸುತ್ತಾನೆ. ಒಟ್ಟು ಹಣದ ಐದನೆಯ ಒಂದು ಪಾಲನ್ನು ಈ ಕಾಲಕ್ಕೆಂದೇ ಎತ್ತಿಡಿ. ಅಷ್ಟು ಎತ್ತಿಡಲು ಆಗದಿದ್ದರೆ ತರಬೇತಿಯನ್ನು ಒಂದೆರಡು ವರ್ಷ ಮುಂದೂಡಿ. 20ಕ್ಕೆ ಶುರುಮಾಡಿದವರೂ 65ರವರೆಗೆ ಹಾರಬಹುದು.

ಕಾಯುವಾಗ ಮಾಡಬಹುದಾದ ಕೆಲಸಗಳೂ ಇವೆ. ಬೋಧಕ ಪೈಲಟ್ ಅರ್ಹತೆ ಪಡೆದರೆ ಸಂಬಳದ ಜೊತೆ ಗಂಟೆಗಳೂ ಸೇರುತ್ತವೆ. ತರಬೇತಿಯ ಜೊತೆಜೊತೆಗೇ ಒಂದು ಪದವಿ ಮಾಡಿಕೊಳ್ಳಲಿ. ಭೌತಶಾಸ್ತ್ರ, ಗಣಿತದ ಬಿ.ಎಸ್‌ಸಿ. ಇದ್ದವರು ವಿಮಾನ ನಿಲ್ದಾಣ ಪ್ರಾಧಿಕಾರದ ವಾಯು ಸಂಚಾರ ನಿಯಂತ್ರಕರ ಹುದ್ದೆಗೆ ಪರೀಕ್ಷೆ ಬರೆಯಬಹುದು. ಅದೂ ಆಕಾಶದ ಕೆಲಸವೇ, ಗೌರವದ ಕೆಲಸ.

ಸಹ ಪೈಲಟ್ ಆಗಿ ಸೇರಿದ ಮೇಲೆ ತರಬೇತಿ ಅವಧಿಯ ಸಂಬಳ ಕಡಿಮೆ. ಅದು ಮುಗಿದರೆ ತಿಂಗಳಿಗೆ ಒಂದೂವರೆ ಲಕ್ಷವೋ ಅದಕ್ಕಿಂತ ಹೆಚ್ಚೋ ಬರುತ್ತದೆ. 21 ವರ್ಷ ತುಂಬಿ 1,500 ಗಂಟೆ ಹಾರಿದವರು ಮೇಲಿನ ದರ್ಜೆಯ ಪರವಾನಗಿಗೆ ಅರ್ಹರು. ಆಮೇಲೆ ಕ್ಯಾಪ್ಟನ್ ಆಗುವ ದಾರಿ ತೆರೆಯುತ್ತದೆ. ಅಲ್ಲಿಗೆ ತಲುಪಿದವರ ಸಾಲ ಬೇಗ ತೀರುತ್ತದೆ ಎನ್ನುವುದೂ ನಿಜವೇ.

ಈಗ ಕೇಳುತ್ತಿರುವ ಹೈಸ್ಕೂಲಿನ ಮಕ್ಕಳಿಗೆ: ನಿಮ್ಮ ಶಾಲೆ ಕಾಲೇಜಿನಲ್ಲಿ ಎನ್‌ಸಿಸಿ ವಾಯುದಳ ಇದ್ದರೆ ಸೇರಿ. ಮೈಕ್ರೋಲೈಟ್ ವಿಮಾನದಲ್ಲಿ ಹಾರುವ ಅವಕಾಶ ಕೆಡೆಟ್‌ಗಳಿಗೆ ಹಣವಿಲ್ಲದೆ ಸಿಗುತ್ತದೆ. ತಂದೆ ತಾಯಿಯರಿಗೆ: ಡಿಜಿಸಿಎ ಜಾಲತಾಣದಲ್ಲಿ ಕ್ಲಾಸ್ 2 ಪರೀಕ್ಷೆ ಮಾಡುವ ವೈದ್ಯರ ಪಟ್ಟಿ ಇದೆ. ಯಾವ ಏಜೆಂಟರಿಗೂ ಫೋನ್ ಮಾಡುವ ಮೊದಲು ಆ ಪಟ್ಟಿಯಲ್ಲಿ ನಿಮಗೆ ಹತ್ತಿರದವರೊಬ್ಬರಿಗೆ ಫೋನ್ ಮಾಡಿ, ಮಗುವನ್ನು ಕರೆದುಕೊಂಡು ಹೋಗಿ.